ಕೈಗೆಟುಕುವ ದೂರ

ಫೆಬ್ರವರಿ 9, ಮೂಡಿಗೆರೆ

ಬಂದ ಮೊದಲ ದಿನವೇ ರಕ್ತ ನೋಡಿದ್ದಾಯಿತು. ಜನರೇಟರ್ ಇಳಿಸುವಾಗ ನಮ್ಮ ಚೆನ್ನೈನ ಲೈಟ್‌ಮ್ಯಾನ್ ಒಬ್ಬನಿಗೂ ಈ ಊರಿನ ಲೋಡಿಂಗ್‌ನವನಿಗೂ ಮಾತಿಗೆ ಮಾತು ಬೆಳೆಯಿತು. ಇವನಿಗೆ ಕನ್ನಡ ಬಾರದು, ಅವನಿಗೆ ತಮಿಳು ಬಾರದು, ಬೈಗುಳ ಮಾತ್ರ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಊರಿನವನು ಕಬ್ಬಿಣದ ಹ್ಯಾಂಡಲ್ ತೆಗೆದು ಬೀಸಿದ. ಲೈಟ್‌ಮ್ಯಾನಿನ ತುಟಿ ಸೀಳಿ ಎರಡಾಯಿತು. ನಾನೇ ನಡುವೆ ನುಗ್ಗಿ ಬಿಡಿಸಿ, ಬಾಯಿಗೆ ಟವೆಲ್ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಲಿಗೆ ಹಾಕುವುದನ್ನು ನೋಡಲಾಗದೆ ತಲೆ ಸುತ್ತಿ ಹೊರಗೆ ಬಂದು ಕೂತೆ. ಗಾಡಿ ಓಡಿಸುವ ಉಬೈದ್ ನನಗೇ ಸೋಡಾ ತಂದುಕೊಟ್ಟ.

ಬಾಯಿಗೆ ತಮಿಳೇ ಅನ್ನ ಕೊಟ್ಟರೂ ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಜಾವಳಿಯ ಶಾಲೆಯಲ್ಲಿ ಕೈಗೆ ಬಂದದ್ದು ಈ ಅಕ್ಷರ ಮಾತ್ರ. ತಮಿಳು ಡೈಲಾಗನ್ನೂ ಇವತ್ತಿನವರೆಗೆ ಕನ್ನಡ ಲಿಪಿಯಲ್ಲೇ ಬರೆದುಕೊಂಡು ಉರು ಹೊಡೆದಿದ್ದೇನೆ. ಯೂನಿಟ್ಟಿನಲ್ಲಿ ಯಾರಿಗೂ ಇದನ್ನು ಓದಲು ಬಾರದು ಎಂಬುದೂ ಒಂದು ಸುಖ.

ಕಾಫಿ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಹುಟ್ಟಿದ ಬಾಲರಾಜ, ಅಂದರೆ ನಾನು, ಚೆನ್ನೈಗೆ ಹೋಗಿ ಏನಾದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಮೊದಲು ತಮಿಳು ಧಾರಾವಾಹಿಗಳಲ್ಲಿ ಒಳ್ಳೆಯ ಮೈದುನ. ಆಮೇಲೆ ಒಳ್ಳೆಯ ಗಂಡ. ಆಮೇಲೆ, ಜಗಳವಾಡುವ ಕುಟುಂಬಗಳನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವ ಶೋದಲ್ಲಿ ಒಳ್ಳೆಯ ಅಣ್ಣ. ನಿರೂಪಣೆ ನನ್ನದೇ, ಕೊನೆಕೊನೆಗೆ ನಿರ್ದೇಶನವೂ ನನ್ನದೇ. ಹೋದ ವರ್ಷ ತಮಿಳಿನಲ್ಲಿ ಅದು ಮುಗ್ಗರಿಸಿತು. ಈಗ ಅದನ್ನೇ ಕನ್ನಡದಲ್ಲಿ ಶುರು ಮಾಡುತ್ತಿದ್ದಾರೆ. ಗೋಣಿಬೀಡಿನ ಹತ್ತಿರ ಖಾಲಿ ಬಿದ್ದಿದ್ದ ಕಾಫಿ ಗೋಡೌನೇ ನಮ್ಮ ಸೆಟ್. ನಿನ್ನ ಊರು, ನಿನ್ನ ಭಾಷೆ, ಇಲ್ಲೂ ಆಗದಿದ್ದರೆ ಮನೆಯಲ್ಲಿ ಕೂತುಕೋ ಅಂತ ಚಾನೆಲ್‌ನವರು ನಗುನಗುತ್ತಲೇ ಹೇಳಿ ಕಳಿಸಿದ್ದಾರೆ.

ಫೆಬ್ರವರಿ 12

ಜಾವಳಿಗೆ ಹೋಗಿ ಕೃಷ್ಣಮ್ಮಕ್ಕನನ್ನು ನೋಡಿ ಬಂದೆ. ತಮ್ಮಯ್ಯ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ಅವನ ಅಕ್ಕ ಈಕೆ. ತಾಯಿ ಹೋದ ಮೇಲೆ ತಮ್ಮಯ್ಯನನ್ನೂ ಅವನ ತಮ್ಮ ಯೋಗೇಶನನ್ನೂ ಬೆಳೆಸಿದವಳು. ನಾನು ಲೈನಿನಿಂದ ಖಾಲಿ ಹೊಟ್ಟೆಯಲ್ಲಿ ಬಂದರೆ ಕೇಳದೆಯೇ ನನಗೂ ಒಂದು ತಟ್ಟೆ ಹಾಕುತ್ತಿದ್ದಳು. ಇವತ್ತೂ ಹಾಗೇ ಹಾಕಿದಳು.

ಮನೆಯಲ್ಲಿ ಸುಖವಿಲ್ಲ. ಅಣ್ಣ ತಮ್ಮ ಪಾಲಾಗಿದ್ದಾರೆ. ತಮ್ಮಯ್ಯನದು ಮೇಲಿನ ತೋಟ, ಯೋಗೇಶನದು ಕೆಳಗಿನದು, ಹಳ್ಳ ಮಾತ್ರ ಇಬ್ಬರಿಗೂ ಒಂದೇ. ಕಾಫಿ ಹೂವಾಗುವ ಕಾಲಕ್ಕೆ ಹಳ್ಳದಲ್ಲಿ ನೀರು ಸಣ್ಣದಾಗುತ್ತದೆ. ಮೇಲಿನವನು ಪಂಪ್ ಹಾಕಿದರೆ ಕೆಳಗಿನವನ ಸ್ಪ್ರಿಂಕ್ಲರ್ ಗಾಳಿ ಊದುತ್ತದೆ. ಹೋದ ವರ್ಷ ಯೋಗೇಶ ಕಲ್ಲೆತ್ತಿ ಹಾಕಿ ಅಣ್ಣನ ಪಂಪ್ ಒಡೆದನಂತೆ. ತಮ್ಮಯ್ಯ ಅವನ ಕುತ್ತಿಗೆ ಹಿಡಿದು ಹಳ್ಳದ ನೀರಿನಲ್ಲಿ ಅದುಮಿದನಂತೆ. ಆಳುಗಳು ಎಳೆಯುವಷ್ಟರಲ್ಲಿ ಯೋಗೇಶನ ಹೆಗಲಿನ ಎಲುಬು ಮುರಿದಿತ್ತು. ಅಂದಿನಿಂದ ಯೋಗೇಶನೂ ಅವನ ಹೆಂಡತಿ ಕೃತಿಕಾಳೂ ಮೇಲಿನ ಮನೆಯ ಮೆಟ್ಟಿಲು ಹತ್ತಿಲ್ಲ.

"ಟಿವಿಲಿ ನೀನು ಎಷ್ಟೋ ಜನ್ರನ್ನ ಒಂದು ಮಾಡ್ತೀಯಂತೆ. ಇವ್ರಿಬ್ರನ್ನೂ ಕೂರ್ಸು ಬಾಲು. ಇಲ್ದಿದ್ರೆ ಈ ಸಲ ಹೂವಾಗೋ ಹೊತ್ತಿಗೆ ಒಬ್ಬ ಇನ್ನೊಬ್ಬನ್ನ ಕೊಂದು ಹಾಕ್ತಾನೆ," ಅಂದಳು ಅಕ್ಕ.

ಕ್ಯಾಮೆರಾ ಏನೂ ಬೇಡ, ಒಂದು ಭಾನುವಾರ ನಾನೇ ಬಂದು ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ ಮಾತಾಡಿಸುತ್ತೇನೆ ಅಂದೆ. ಅವಳು ಒಪ್ಪಲಿಲ್ಲ. ಜಗಲಿಯಲ್ಲಿ ಕೊಟ್ಟ ಮಾತು ಅಂಗಳ ದಾಟುವುದಿಲ್ಲ, ಊರೆಲ್ಲ ನೋಡುವ ಹಾಗೆ ಕೊಟ್ಟರೆ ನಾಚಿಕೆಗಾದರೂ ಉಳಿಸಿಕೊಳ್ಳುತ್ತಾರೆ ಎಂದಳು. ಅವಳ ಲೆಕ್ಕವೂ ಸರಿಯೇ. ಕಾಲು ಮುಟ್ಟಿ ಮಾತು ಕೊಟ್ಟು ಬಂದಿದ್ದೇನೆ. ಇದೊಂದನ್ನು ಮಾತ್ರ ಕೆಡಿಸಬಾರದು.

ಫೆಬ್ರವರಿ 15

ಸಂಜೆ ತಮ್ಮಯ್ಯ ಹಳ್ಳದ ದಂಡೆಗೆ ಕರೆದುಕೊಂಡು ಹೋದ. ಕುಡಿಯುವುದಕ್ಕೆ ಅವನು ತಂದಿದ್ದ, ನಂಚಿಕೊಳ್ಳುವುದಕ್ಕೆ ನಾನು. ತಮ್ಮನ ಮೇಲೆ ಅವನಿಗೆ ಅಂಥ ದ್ವೇಷವೇನೂ ಇಲ್ಲ. ಒಂದು ದಿನ ನನಗೆ, ಒಂದು ದಿನ ನಿನಗೆ ಅಂತ ನೀರು ಬಿಟ್ಟುಕೊಡಲು ಅವನು ತಯಾರು, ತಮ್ಮ ಒಂದು ಸಲ ಬಂದು ಕೇಳಬೇಕಂತೆ, ಅಷ್ಟೇ ಹಟ. ಅದೇ ಹಟ ಆ ಕಡೆಯೂ ಇದೆ.

ಮದುವೆ ಯಾಕಾಗಲಿಲ್ಲ ಮಾರಾಯ ಅಂತ ಸುಮ್ಮನೆ ಕೇಳಿದೆ. ನೀರಿಗೆ ಒಂದು ಕಲ್ಲು ಹಾಕಿದ. ಆಮೇಲೆ ಹೇಳಿದ.

"ಕೃತಿಕಾನ ಮೊದ್ಲು ನೋಡೋಕೆ ಹೋಗಿದ್ದು ನಾನು. ಅಕ್ಕಂಗೂ ಹೇಳಿರ್ಲಿಲ್ಲ. ಅವ್ಳ ಕೈಯ ಕಾಫಿ ಕುಡ್ದು ಬಂದೆ. ವಯಸ್ಸು ಹೆಚ್ಚಾಯ್ತು ಅಂದ್ರು ಅವ್ರ ಕಡೆಯವ್ರು. ಆಮೇಲೆ ಬೇರೆ ಯಾರೋ ಯೋಗೇಶಂಗೆ ಅದೇ ಹುಡುಗಿನ ತಂದ್ರು."

ಯೋಗೇಶನಿಗೆ ಇದು ಗೊತ್ತಿಲ್ಲ. ಕೃತಿಕಾಗೆ ಗೊತ್ತು. ಅವಳೂ ಬಾಯಿ ಬಿಡಲಿಲ್ಲ, ಇವನೂ ಬಿಡಲಿಲ್ಲ, ಮನೆ ಉಳಿಯಬೇಕಲ್ಲ ಅಂತ ನಕ್ಕ. ಅವಳು ಸೊಸೆಯಾಗಿ ಬಂದ ಮೇಲೆ ಇವನು ಅವಳ ಎದುರು ಕೂತು ಒಂದು ಲೋಟ ಕಾಫಿಯನ್ನೂ ಕುಡಿದವನಲ್ಲವಂತೆ. ಇಂಥ ಮನುಷ್ಯ ನನ್ನ ಗೆಳೆಯ ಅಂತ ಹೆಮ್ಮೆಯಾಯಿತು. ಈ ಮಾತು ನನ್ನ ಜೊತೆಯಲ್ಲೇ ಮಣ್ಣಾಗುತ್ತದೆ ಎಂದೆ.

ಫೆಬ್ರವರಿ 18

ಮೊದಲನೆಯ ಎಪಿಸೋಡ್. ಮಣ್ಣು ತಿಂದ ಹಾಗಾಯಿತು.

ಅತ್ತೆ ಸೊಸೆ ಬಂದಿದ್ದರು, ಅತ್ತಿಗುಂಡಿ ಕಡೆಯವರು. ಮಲೆನಾಡಿನ ಜನ ಜಗಳವಾಡುವ ರೀತಿಯನ್ನು ನಾನು ಮರೆತೇಬಿಟ್ಟಿದ್ದೆ. "ನೀವು ಹಾಗನ್ನಬಾರದಿತ್ತಪ್ಪ" ಅಂತ ಸೊಸೆ. "ನಾನೆಂತ ಅಂದೆ ಮಾರಾಯ್ತಿ" ಅಂತ ಅತ್ತೆ. ಒಬ್ಬರಿಗೊಬ್ಬರು ನೀರು ಕೊಟ್ಟುಕೊಂಡರು. ಕೊನೆಗೆ ಅತ್ತೆ ನನ್ನನ್ನೇ ಊಟಕ್ಕೆ ಕರೆದಳು. ಚೆನ್ನೈನಲ್ಲಿ ಕೂತು ನೇರ ನೋಡುತ್ತಿದ್ದ ಚಾನೆಲ್‌ನವರು ಫೋನಿನಲ್ಲಿ ಮುಖಕ್ಕೆ ಉಗಿದರು. ಇದು ಶೋವೋ ಸಂಧ್ಯಾವಂದನೆಯೋ ಅಂತ ಕೇಳಿದರು.

ತಪ್ಪು ಎಲ್ಲಿದೆ ಎಂದು ಗೊತ್ತು. ನಮ್ಮ ಶೋ ಕ್ಯಾಮೆರಾದ ಮುಂದೆ ಶುರುವಾಗುವುದಲ್ಲ, ಅದಕ್ಕೆ ಮೊದಲು, ಎರಡು ರೂಮುಗಳಲ್ಲಿ ಶುರುವಾಗುತ್ತದೆ. ಎರಡು ಕಡೆಯವರನ್ನೂ ಬೇರೆಬೇರೆ ಕೂರಿಸಿ, ಊಟ ತಡ ಮಾಡಿ, ಆ ಕಡೆಯವರು ನಿಮ್ಮ ಬಗ್ಗೆ ಹೀಗಂದರು ಅಂತ ಈ ಕಡೆ, ಈ ಕಡೆಯವರು ಹಾಗಂದರು ಅಂತ ಆ ಕಡೆ ಕಿವಿಗೆ ಹಾಕಬೇಕು. ಕುರ್ಚಿಗಳನ್ನು ಕೈಗೆಟುಕುವಷ್ಟು ಹತ್ತಿರ ಹಾಕಬೇಕು. ಚೆನ್ನೈನಲ್ಲಿ ರೂಮಿನ ಕೆಲಸವೆಲ್ಲ ಸೌಂದರ್ಯಾಳದು. ಇಪ್ಪತ್ತೆಂಟರ ಹುಡುಗಿ, ನಾಲಗೆಯಲ್ಲಿ ಬೆಂಕಿಕಡ್ಡಿ ಇಟ್ಟುಕೊಂಡೇ ಹುಟ್ಟಿದವಳು. ನಾನು ಆ ರೂಮುಗಳಿಗೆ ಒಂದು ದಿನವೂ ಕಾಲಿಟ್ಟವನಲ್ಲ, ಅಲ್ಲಿ ಏನು ಹೇಳಿದಿರಿ ಅಂತ ಕೇಳಿದವನೂ ಅಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ರಾಜಿ ಮಾಡಿಸುವುದು ಮಾತ್ರ ನನ್ನ ಪಾಲು. ಈಗ ಸೌಂದರ್ಯಾಗೆ ಕನ್ನಡ ಬಾರದು. ಅವಳ ಕೆಲಸ ಯಾರು ಮಾಡಬೇಕು ಅಂತ ಅವಳೇ ನನ್ನನ್ನು ಕೇಳಿದಳು.

ಫೆಬ್ರವರಿ 20

ಇವತ್ತು ನಾನೇ ರೂಮಿಗೆ ಹೋದೆ.

ಗೋಣಿಬೀಡಿನ ಷಡ್ಡಕರಿಬ್ಬರು. ಒಬ್ಬ ವೀರೇಂದ್ರ, ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ. ಇನ್ನೊಬ್ಬ ಅದರ ಪಕ್ಕದಲ್ಲೇ ಅಂಗಡಿ ಹಾಕಿದವನು. ನಿನ್ನ ಹೆಂಡತಿಯನ್ನು ಅವನು ನಾಲ್ಕು ಜನರ ಮುಂದೆ ಗೊಡ್ಡು ಅಂದ ಅಂತ ವೀರೇಂದ್ರನ ಕಿವಿಗೆ ಹಾಕಿದೆ. ನೆಲ ನೋಡಿಕೊಂಡೇ ಹೇಳಿದೆ. ಆದರೆ ಅವನ ಕಣ್ಣು ಬದಲಾದದ್ದನ್ನು ನೋಡಿದಾಗ, ಗಾಳಕ್ಕೆ ಮೀನು ಬಿದ್ದಾಗ ಕೈಗೆ ಗೊತ್ತಾಗುತ್ತದಲ್ಲ, ಹಾಗೆ ಗೊತ್ತಾಯಿತು.

ಸೆಟ್ಟಿನಲ್ಲಿ ಎರಡನೇ ಮಾತಿಗೇ ವೀರೇಂದ್ರ ಎದ್ದ. ಕುರ್ಚಿ ಎತ್ತಿ ಷಡ್ಡಕನ ಬಾಯಿಗೆ ಬಡಿದ. ಅವನು ನೆಲಕ್ಕೆ ಬಿದ್ದ ಮೇಲೂ ಹೊಟ್ಟೆಗೆ ಒದ್ದ. ಹಲ್ಲೊಂದು ಹಾರಿ ನನ್ನ ಬೂಟಿನ ಹತ್ತಿರ ಬಂತು. ನಾನು ಓಡಿ ಹೋಗಿ ಬಿಡಿಸಿದೆ, ತಕ್ಷಣ ನಿಲ್ಲಿಸಿದೆ. ರಾತ್ರಿ ಊಟ ಸೇರಲಿಲ್ಲ.

ಚಾನೆಲ್‌ನವರು ಫೋನ್ ಮಾಡಿದರು. ಬಹಳ ದಿನದ ಮೇಲೆ ಅವರ ಬಾಯಲ್ಲಿ 'ಸಾರ್' ಎಂಬ ಮಾತು ಕೇಳಿದೆ. ಒಂದೇ ಆಕ್ಷೇಪ, ನಾನು ಬೇಗ ಬಿಡಿಸಿದೆನಂತೆ. ಯೋಚಿಸಿದರೆ ಅದು ನಿಜ. ನಾನು ಕ್ಯಾಮೆರಾಗೆ ಬೆನ್ನು ಹಾಕಿ ನಿಂತುಬಿಟ್ಟಿದ್ದೆ.

ಫೆಬ್ರವರಿ 25

ಮೂರು ಎಪಿಸೋಡ್ ಮುಗಿದವು. ಬರೆಯಲು ಪುರುಸೊತ್ತಿಲ್ಲ.

ನಿನ್ನೆ ನಾದಿನಿ ಅತ್ತಿಗೆಯ ಜಡೆ ಹಿಡಿದು ಎಳೆದಳು, ಚರ್ಮದ ಸಮೇತ ಕಿತ್ತು ಬಂತು. ಒಳ್ಳೆಯ ಎಪಿಸೋಡ್. ಬಿಡಿಸುವುದಕ್ಕೆ ಯಾವಾಗ ಹೋಗಬೇಕು ಎಂಬುದು ಈಗ ಚೆನ್ನಾಗಿ ಕೈಗೆ ಹತ್ತಿದೆ. ಬಿದ್ದವರು ಒಂದು ಸಲ ನನ್ನ ಮುಖ ನೋಡುತ್ತಾರೆ, ಆಗ ಹೋಗಬಾರದು. ಎರಡನೇ ಸಲ ನೋಡಿದಾಗ ಹೋಗಬೇಕು.

ಲೈಟಿನ ಗುರುವಯ್ಯನ ಕೆನ್ನೆಗೆ ಒಂದು ಬಿಟ್ಟೆ. ಸ್ಟ್ಯಾಂಡ್ ಸರಿಸು ಅಂದರೆ ಬಾಯಿ ಬಿಟ್ಟುಕೊಂಡು ಜಗಳ ನೋಡುತ್ತ ನಿಂತಿದ್ದ. ನನಗಿಂತ ದೊಡ್ಡವನು, ಇರಲಿ, ಕೆಲಸ ಕೆಲಸವೇ. ಈಗ ಸೆಟ್ಟಿನಲ್ಲಿ ಎಲ್ಲರೂ ಚುರುಕಾಗಿದ್ದಾರೆ.

ಊಟ ಚೆನ್ನಾಗಿ ಸೇರುತ್ತಿದೆ. ಇಲ್ಲಿಯ ಹವೆ ಅಂಥದ್ದು.

ಮಾರ್ಚ್ 1

ಕೊನೆಯ ಎಪಿಸೋಡ್ ಒಂದು ಗಂಟೆಯದಾಗಬೇಕಂತೆ. ಅದು ಗೆದ್ದರೆ ಶೋ ಉಳಿಯಿತು, ರಾತ್ರಿ ಎಲ್ಲರೂ ಟಿವಿ ನೋಡುವ ಹೊತ್ತಿನ ಸ್ಲಾಟ್ ಸಿಗುತ್ತದೆ. ಅಣ್ಣ ತಮ್ಮಂದಿರ ಜಗಳ ಬೇಕು, ರಕ್ತಸಂಬಂಧ ಬೇಕು ಎಂದರು. ನನ್ನ ಹತ್ತಿರ ಇದ್ದಾರೆ ಅಂದೆ.

ಆದರೆ ನೀರಿನ ಜಗಳದಲ್ಲಿ ಒಂದು ಗಂಟೆ ಎಳೆಯುವುದು ಹೇಗೆ? ಹಳ್ಳ, ಪಂಪ್, ಸ್ಪ್ರಿಂಕ್ಲರ್ ಅಂತ ಮಾತಾಡಿದರೆ ದೂರದ ಪೇಟೆಯವರು ಬಿಡಿ, ನಮ್ಮ ಚಿಕ್ಕಮಗಳೂರಿನವರೂ ಚಾನೆಲ್ ಬದಲಿಸುತ್ತಾರೆ. ಇಬ್ಬರಿಗೂ ರಾಜಿಯಾಗುವ ಮನಸ್ಸಿದೆ, ಅದೇ ತೊಂದರೆ. ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡದ್ದು ಆಚೆ ಬಾರದೆ ಆಗುವ ರಾಜಿ ರಾಜಿಯಲ್ಲ, ಇದನ್ನು ನಾನು ತಮಿಳಿನಲ್ಲಿ ಸಾವಿರ ಸಲ ಹೇಳಿದ್ದೇನೆ. ತಮ್ಮಯ್ಯ ಇಷ್ಟು ವರ್ಷ ಒಳಗೇ ಬೇಯುತ್ತಿದ್ದಾನೆ. ಅದು ಹೊರಗೆ ಬಂದರೆ ಅವನಿಗೇ ಹಗುರ. ತಮ್ಮನಿಗೂ ಅಣ್ಣ ಎಂಥ ದೊಡ್ಡ ಮನುಷ್ಯ ಅಂತ ಗೊತ್ತಾಗಬೇಡವೇ. ಅತ್ತು ತಬ್ಬಿಕೊಳ್ಳುತ್ತಾರೆ. ಒಂದೆರಡು ಏಟು ಬಿದ್ದರೂ ಅಣ್ಣ ತಮ್ಮಂದಿರ ಏಟು, ಆರುತ್ತದೆ.

ಕೃಷ್ಣಮ್ಮಕ್ಕನಿಗೆ ಫೋನ್ ಮಾಡಿ ದಿನ ಹೇಳಿದೆ. ಕೃತಿಕಾಳನ್ನೂ ತಪ್ಪದೆ ಕರೆತರಬೇಕು ಎಂದೆ. ಅಕ್ಕ ಅತ್ತಳು, ಖುಷಿಗೆ.

ಮಾರ್ಚ್ 4

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ತೋಟದಿಂದ ನೇರ ಬಂದರು, ಬೇರೆಬೇರೆ ಗಾಡಿಯಲ್ಲಿ. ಎಂದಿನ ಹಾಗೆ ಚಪ್ಪಲಿ ತೆಗೆಸಿದೆವು, ಎಸೆಯುವುದಕ್ಕೆ ಜನ ಮೊದಲು ಹುಡುಕುವುದು ಅದನ್ನೇ. ಗಾಜಿನ ಲೋಟದ ಬದಲು ಪೇಪರ್ ಲೋಟ ಇಟ್ಟೆವು. ಅಕ್ಕನ ಕೈಚೀಲವನ್ನು ಸೌಂದರ್ಯ ತೆರೆಸಿ ನೋಡಿದಳು, ರಾಜಿಯಾದ ಮೇಲೆ ಇಬ್ಬರಿಗೂ ಬಡಿಸಲು ಬೇಯಿಸಿ ತಂದ ಕಡುಬಿತ್ತು. ಎಲ್ಲ ಸರಿಯಾಗಿಯೇ ನೋಡಿದೆವು.

ಇಬ್ಬರ ಸೊಂಟದಲ್ಲೂ ಕತ್ತಿ ಇತ್ತು. ನಮ್ಮ ಕಡೆ ತೋಟದವರ ಸೊಂಟದಲ್ಲಿ ಕತ್ತಿ ಇರುವುದು ಅಂಗಿಯಲ್ಲಿ ಗುಂಡಿ ಇದ್ದ ಹಾಗೆ, ಕಂಡರೂ ಕಾಣುವುದಿಲ್ಲ. ಚೆನ್ನೈನವರು ಅದನ್ನು ಈ ಸೀಮೆಯ ವೇಷ ಅಂದುಕೊಂಡರು. ಮೈಕಿನ ಬ್ಯಾಟರಿ ಡಬ್ಬಿಯನ್ನು ಸೊಂಟದ ಹಿಂದೆ ಸಿಕ್ಕಿಸಬೇಕು, ಅಲ್ಲಿ ಕತ್ತಿ ಸಿಕ್ಕಿಸುವ ಕೊಕ್ಕೆ ಅಡ್ಡವಾಯಿತು. ಸೌಂಡಿನವನು ಏನು ಮಾಡಲಿ ಎಂದು ಕೇಳಿದ. ಕತ್ತಿಯನ್ನೇ ಬಲಗಡೆ ಮುಂದಕ್ಕೆ ಸರಿಸು, ಫ್ರೇಮಿನಲ್ಲೂ ಚೆನ್ನಾಗಿ ಕಾಣುತ್ತದೆ ಅಂದೆ. ಯೋಗೇಶ ಎರಡೂ ಕೈ ಎತ್ತಿ ನಿಂತು ಸರಿಸಿಕೊಂಡ.

ಮೊದಲು ತಮ್ಮಯ್ಯನ ರೂಮಿಗೆ ಹೋದೆ. ಅವನಿಗೆ ಏನೂ ಹೇಳಲಿಲ್ಲ, ಬೆನ್ನು ತಟ್ಟಿದೆ. ಕ್ಯಾಮೆರಾ ನೋಡಿ ಹೆದರಿದ್ದ. ಮಾತು ತಪ್ಪಿದರೆ ನೀನಿದ್ದೀಯಲ್ಲ ಅಂದ. ಇದ್ದೇನೆ ಎಂದೆ. ಆಮೇಲೆ ಯೋಗೇಶನ ರೂಮು. ಬೆಳಗಿನಿಂದ ಅವನಿಗೆ ಒಂದು ಲೋಟ ಟೀ ಕೂಡ ಕೊಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡು ಪಕ್ಕದಲ್ಲಿ ಕೂತೆ.

"ನಿನ್ನ ಅಣ್ಣ ಯಾಕೆ ಮದುವೆ ಆಗ್ಲಿಲ್ಲ ಅಂತ ಯಾವತ್ತಾದ್ರೂ ಕೇಳಿದ್ದೀಯಾ ಯೋಗೇಶ? ಕೃತಿಕಾನ ನಿನಗಿಂತ ಮೊದ್ಲು ನೋಡೋಕೆ ಹೋದವ್ರು ಯಾರು ಅಂತ ಅವ್ಳನ್ನೇ ಕೇಳು. ನಾನು ಹೇಳಿದೆ ಅನ್ಬೇಡ," ಎಂದೆ.

ಅವನ ಮುಖ ಬಿಳಚಿಕೊಂಡಿತು. ಒಂದು ಅಕ್ಷರವೂ ಸುಳ್ಳು ಹೇಳಲಿಲ್ಲ ನಾನು.

ಮೂರು ಕುರ್ಚಿ ಹಾಕಿಸಿದ್ದೆ, ಕೃತಿಕಾಳದು ನಡುವೆ. ಅಕ್ಕ ಎದುರಿಗೆ ಜನರ ಸಾಲಿನಲ್ಲಿ ಕೂತಿದ್ದಳು. ಶುರುವಿನಲ್ಲಿ ಎಲ್ಲ ತಣ್ಣಗೆ. ತಮ್ಮಯ್ಯ ತಾನಾಗಿಯೇ ಒಂದು ದಿನ ಬಿಟ್ಟು ಒಂದು ದಿನ ನೀರು ಬಿಡುತ್ತೇನೆ ಎಂದ. ಹೋದ ವರ್ಷದ್ದು ತಪ್ಪಾಯಿತು ಎಂದ. ಯೋಗೇಶ ತಲೆ ತಗ್ಗಿಸಿ ಕೂತಿದ್ದ, ಸರಿ ಎಂಬ ಹಾಗೆ ತಲೆ ಆಡಿಸಿದ. ಕೃಷ್ಣಮ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಚೀಲಕ್ಕೆ ಕೈ ಹಾಕಿದಳು. ಅಲ್ಲಿಗೆ ಮುಗಿದೇಹೋಗುತ್ತಿತ್ತು. ಕಿವಿಯೊಳಗಿನ ಸ್ಪೀಕರಿನಲ್ಲಿ ಸೌಂದರ್ಯ ಇಷ್ಟೇನಾ ಅಂತ ಕೇಳಿದಳು.

ನಾನು ಯೋಗೇಶನ ಕಡೆ ತಿರುಗಿ, ಮನಸ್ಸಿನಲ್ಲಿ ಇನ್ನೇನೋ ಇದ್ದ ಹಾಗಿದೆ, ಕೇಳಿಬಿಡಿ ಎಂದೆ.

ಅವನು ಅಣ್ಣನನ್ನು ಕೇಳಲಿಲ್ಲ. ಹೆಂಡತಿಯ ಕಡೆ ತಿರುಗಿ, ನನಗಿಂತ ಮೊದಲು ನಿನ್ನನ್ನು ನೋಡಲು ಬಂದವರು ಯಾರು ಅಂತ ಕೇಳಿದ. ಕೃತಿಕಾ ತಲೆ ತಗ್ಗಿಸಿದಳು. ಅಷ್ಟೇ ಸಾಕಾಯಿತು. ಕೂತಲ್ಲಿಂದಲೇ ಅವಳ ಕೆನ್ನೆಗೆ ಬಾರಿಸಿದ, ಅವಳು ಕುರ್ಚಿಯ ಸಮೇತ ಉರುಳಿದಳು, ಹಣೆ ನೆಲಕ್ಕೆ ಬಡಿಯಿತು. ತಮ್ಮಯ್ಯ ಎದ್ದು ನಿಂತು, ಅವಳ ಮೇಲೆ ಕೈ ಮಾಡಬೇಡ ಎಂದ. ಆ ಮಾತು ಆಡಬಾರದಿತ್ತು. ಯೋಗೇಶನ ಬಲಗೈ ಸೊಂಟಕ್ಕೆ ಹೋದದ್ದು ನಾನು ನೋಡಿದೆ.

ಮೊದಲ ಏಟಿಗೆ ತಮ್ಮಯ್ಯ ಎಡಗೈ ಅಡ್ಡ ಹಿಡಿದ. ಮಣಿಕಟ್ಟಿನ ಹತ್ತಿರ ಎಲುಬಿನವರೆಗೆ ಇಳಿಯಿತು, ಸೌದೆ ಸೀಳುವ ಸದ್ದೇ ಅದು. ಎರಡನೆಯದು ಭುಜಕ್ಕೆ. ಅವನ ಸೊಂಟದಲ್ಲೂ ಕತ್ತಿ ಇತ್ತು, ಮುಟ್ಟಲಿಲ್ಲ. ರಕ್ತ ಅಕ್ಕನ ಸೀರೆಯವರೆಗೂ ಹಾರಿತು. ಎರಡನೇ ಕ್ಯಾಮೆರಾದವನು ಕಣ್ಣು ತೆಗೆದು ನನ್ನ ಮುಖ ನೋಡಿದ. ನಾನು ಕೈಸನ್ನೆ ಮಾಡಿದೆ, ಹತ್ತಿರ ಹೋಗು ಅಂತ.

ತಮ್ಮಯ್ಯ ಮೊಣಕಾಲೂರಿ ಕುಸಿದ. ತಮ್ಮನ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡಿದ. ಆಮೇಲೆ ಇನ್ನೊಂದು ಸಲ ನೋಡಿದ.

ಬಿಡಿಸಿದ್ದು ಉಬೈದ್. ಎಲ್ಲಿದ್ದನೋ, ಓಡಿ ಬಂದು ಲೈಟಿನ ಸ್ಟ್ಯಾಂಡ್ ಎತ್ತಿ ಯೋಗೇಶನ ಮಣಿಕಟ್ಟಿಗೆ ಹೊಡೆದು ಕತ್ತಿ ಬೀಳಿಸಿದ. ತನ್ನ ಅಂಗಿ ಬಿಚ್ಚಿ ತಮ್ಮಯ್ಯನ ಕೈ ಬಿಗಿದು ಕಟ್ಟಿ ಜೀಪಿಗೆ ಹಾಕಿಕೊಂಡು ಹೋದ. ಅವನು ಎರಡೂ ಕ್ಯಾಮೆರಾಗೆ ಅಡ್ಡ ಬಂದದ್ದರಿಂದ ಕೊನೆಯ ಭಾಗ ಸರಿಯಾಗಿ ಸಿಕ್ಕಿಲ್ಲ.

ಮಾರ್ಚ್ 5

ತಮ್ಮಯ್ಯನನ್ನು ಮಂಗಳೂರಿಗೆ ಸಾಗಿಸಿದ್ದಾರೆ. ಜೀವಕ್ಕೆ ಭಯವಿಲ್ಲ, ಎಡಗೈ ಉಳಿದರೂ ಬೆರಳು ಮಡಚಲು ಆಗುವುದಿಲ್ಲವಂತೆ. ಪೊಲೀಸರಿಗೆ ಅವನು, ಎಳೆದಾಟದಲ್ಲಿ ನನ್ನ ಕತ್ತಿಯೇ ನನಗೆ ತಾಗಿತು ಅಂತ ಹೇಳಿಕೆ ಕೊಟ್ಟಿದ್ದಾನೆ. ಜಗಳ ಯಾವ ಮಾತಿಗೆ ಬಂತು ಅಂತ ಕೇಳಿದರೆ ನೀರಿಗೆ ಎಂದಿದ್ದಾನೆ. ನನ್ನ ಹೆಸರು ಹೇಳಿಲ್ಲ, ಹೇಳಿದರೆ ಕೃತಿಕಾಳ ಹೆಸರೂ ಬರುತ್ತದಲ್ಲ. ಸೆಟ್ಟಿನಲ್ಲಿದ್ದವರೆಲ್ಲ ನಮ್ಮವರು, ಎದುರು ಸಾಲಿನ ಜನವೂ ನಾವು ದುಡ್ಡು ಕೊಟ್ಟು ಕೂರಿಸಿದವರೇ, ಯಾರೂ ಬಾಯಿ ಬಿಡುವುದಿಲ್ಲ. ಚಾನೆಲ್‌ನವರಿಗೂ ಪ್ರಸಾರವಾಗುವವರೆಗೆ ಕೇಸು ಬೇಡ. ನಾನೂ ಅವನ ಹೇಳಿಕೆಯನ್ನೇ ಹೇಳಿದೆ.

ಎಲ್ಲರಿಗೂ ಒಳ್ಳೆಯದೇ ಆಯಿತು.

ಮಾರ್ಚ್ 9

ಪ್ರೋಮೋ ಬಿಟ್ಟಿದ್ದಾರೆ. ಕತ್ತಿ ಮೇಲಕ್ಕೆ ಹೋಗುತ್ತದೆ, ಯಾರ ಕೈಯದೆಂದು ಕಾಣುವುದಿಲ್ಲ, ಅಲ್ಲಿಗೆ ನಿಲ್ಲುತ್ತದೆ, ಆಮೇಲೆ ನನ್ನ ಮುಖ. ಮೊಬೈಲು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. ಇಷ್ಟು ವರ್ಷ ಮೈದುನನಾಗಿ, ಗಂಡನಾಗಿ, ಅಣ್ಣನಾಗಿ ನಗುನಗುತ್ತ ನಿಂತಾಗ ಸಿಗದ ಹೆಸರು ಒಂದು ವಾರದಲ್ಲಿ ಸಿಕ್ಕಿತು. ಸ್ಲಾಟ್ ಬಹುಮಟ್ಟಿಗೆ ನಮ್ಮದೇ.

ಮಂಗಳೂರಿಗೆ ಹೋಗಿ ತಮ್ಮಯ್ಯನನ್ನು ನೋಡಬೇಕು ಅಂದುಕೊಳ್ಳುತ್ತೇನೆ. ವಾರ್ಡಿನಲ್ಲಿ ಕ್ಯಾಮೆರಾ ಬಿಡುವುದಿಲ್ಲವಂತೆ, ಸುಮ್ಮನೆ ಹೋಗಿ ಏನು ಮಾಡುವುದು.

ಉಬೈದ್ ಬೆಳಿಗ್ಗೆ ಬಂದು ನಿಂತ. ಜೀಪಿನ ಸೀಟಿನ ರಕ್ತ ತೊಳೆದರೂ ಹೋಗುತ್ತಿಲ್ಲ, ನೀವು ಬೇರೆ ಗಾಡಿ ನೋಡಿಕೊಳ್ಳಿ ಬಾಲಣ್ಣ ಎಂದ. ಕೆಲಸದ ನಡುವೆ ಕೈಕೊಟ್ಟರೆ ಹೇಗೆ ಅಂತ ಕೊರಳಪಟ್ಟಿ ಹಿಡಿದೆ, ಗೋಡೆಗೆ ಒತ್ತಿದೆ. ಅವನು ತಿರುಗಿ ಹೊಡೆಯಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋದ. ಒಂದು ಶೂಟಿಂಗಿನ ಬಾಡಿಗೆ ಸಿಕ್ಕ ಕೂಡಲೇ ಈ ಜನಕ್ಕೆ ತಲೆ ತಿರುಗುತ್ತದೆ. ಸಂಜೆಯೊಳಗೆ ಬೇರೆ ಗಾಡಿ ಸಿಕ್ಕಿತು.

ಮಾರ್ಚ್ 15

ಇವತ್ತು ಕೇಳಿದ ಸುದ್ದಿಗೆ ಮೈ ಜುಮ್ಮೆಂದಿತು. ಅಣ್ಣ ತಮ್ಮ ಒಂದಾಗಿದ್ದಾರೆ.

ಯೋಗೇಶ ಆಸ್ಪತ್ರೆಯಲ್ಲೇ ಇದ್ದನಂತೆ, ಅಣ್ಣನ ಮಂಚದ ಕೆಳಗೆ ಮಲಗುತ್ತಿದ್ದನಂತೆ, ಗಂಜಿ ಕುಡಿಸುವುದು, ಮೈ ಒರೆಸುವುದು ಎಲ್ಲ ಅವನೇ. ಆ ದಿನವೇ ತವರಿಗೆ ಹೋಗಿದ್ದ ಕೃತಿಕಾಳೂ ವಾಪಸ್ ಬಂದಿದ್ದಾಳೆ, ಯೋಗೇಶ ಹೋಗಿ ಅವಳ ಅಪ್ಪನ ಕಾಲಿಗೆ ಬಿದ್ದು ಕರೆತಂದನಂತೆ. ಈಗ ಎಲ್ಲರೂ ಮೇಲಿನ ಮನೆಯಲ್ಲಿ, ಒಂದೇ ಒಲೆ. ಯೋಗೇಶ ಮೊದಲು ಅಣ್ಣನ ತೋಟಕ್ಕೆ ನೀರು ಹಾಯಿಸಿ ಆಮೇಲೆ ತನ್ನದಕ್ಕೆ ಹಾಯಿಸಿಕೊಂಡನಂತೆ. ಎರಡೂ ತೋಟ ಒಟ್ಟಿಗೆ ಮೊಗ್ಗಿಟ್ಟು ನಿಂತಿವೆಯಂತೆ.

ಕೃಷ್ಣಮ್ಮಕ್ಕನಿಗೆ ಕೊಟ್ಟ ಮಾತು ಉಳಿಸಿಕೊಂಡೆ. ಒಳಗಿನದು ಆಚೆ ಬರದೆ ರಾಜಿಯಾಗುವುದಿಲ್ಲ ಅಂತ ನಾನು ಹೇಳುತ್ತಿದ್ದದ್ದು ಸುಳ್ಳೇ? ನಾನು ಆ ದಿನ ಕೆದಕದಿದ್ದರೆ ಇವತ್ತಿನ ದಿನ ಬರುತ್ತಿತ್ತೇ? ಒಂದೇ ಕೊರತೆ, ಈ ರಾಜಿ ನಮ್ಮ ಶೋದಲ್ಲಿ ಆಗಬೇಕಿತ್ತು. ಚಾನೆಲ್‌ನವರೂ ಅದನ್ನೇ ಹೇಳಿದರು, ಇಬ್ಬರೂ ಒಟ್ಟಿಗಿರುವ ಒಂದು ಶಾಟ್ ತಂದರೆ ಸ್ಲಾಟಿಗೆ ಸಹಿ ಅಂತ. ಫೋನ್ ಮಾಡಿದರೆ ಅಕ್ಕ ಎತ್ತುತ್ತಿಲ್ಲ. ನಾಳೆ ನೇರ ಮನೆಗೇ ಹೋಗುವುದು.

ಮಾರ್ಚ್ 16

ಹೋಗಿದ್ದೆವು. ಒಂದು ಕ್ಯಾಮೆರಾ, ಸೌಂಡಿನವನು, ನಾನು.

ಅಕ್ಕ ಗೇಟಿನ ಹತ್ತಿರವೇ ಸಿಕ್ಕಿದಳು, ಕಣದಲ್ಲಿ ಕಾಫಿ ಹರಡುತ್ತಿದ್ದಳು. ಒಳಗಿನಿಂದ ಅಣ್ಣ ತಮ್ಮ ಇಬ್ಬರ ಮಾತೂ ಕೇಳುತ್ತಿತ್ತು, ಯಾವುದಕ್ಕೋ ನಗುತ್ತಿದ್ದರು. ಇಂಥ ಸೌಂಡ್ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಗೇಟು ತೆಗೆ ಅಕ್ಕ, ಒಂದೇ ಒಂದು ಶಾಟ್ ಎಂದೆ. ಬೇಡ, ಹೋಗು ಎಂದಳು. ಮೊದಲು ಮೆತ್ತಗೆ ಹೇಳಿದಳು. ನಾನೂ ಮೆತ್ತಗೇ ಕೇಳಿದೆ, ನೀನೇ ಅಲ್ಲವೇ ಊರೆಲ್ಲ ನೋಡಲಿ ಅಂದವಳು ಅಂತ ನೆನಪು ಮಾಡಿದೆ. ಅವಳು ಗೇಟಿಗೆ ಅಡ್ಡ ನಿಂತಳು. ಕ್ಯಾಮೆರಾದವನು ಪಕ್ಕದಿಂದ ಬೇಲಿ ದಾಟಲು ಹೋದರೆ ಓಡಿ ಹೋಗಿ ಲೆನ್ಸಿನ ಮೇಲೆ ಅಂಗೈ ಇಟ್ಟಳು, ಮಣ್ಣಿನ ಕೈ.

ಲೆನ್ಸಿನ ಬೆಲೆ ಅವಳಿಗೇನು ಗೊತ್ತು. ನನ್ನ ಕೈ ಅವಳ ಮೇಲೆ ಹೋಯಿತು. ಅವಳು ಹಗುರ ಹೆಂಗಸು, ಬೇಲಿಯ ಕಲ್ಲುಕಂಬಕ್ಕೆ ಹೋಗಿ ಬಡಿದಳು. ಹುಬ್ಬು ಒಡೆದು ರಕ್ತ ಕಣ್ಣಿನ ಮೇಲೆ ಇಳಿಯಿತು. ಆದರೂ ಮತ್ತೆ ಬಂದು ಲೆನ್ಸಿಗೆ ಕೈ ಅಡ್ಡ ಇಟ್ಟಳು ಅಂತ ಇನ್ನೊಂದು ಕೊಟ್ಟೆ.

ಅವಳು ನೆಲದಲ್ಲಿ ಕೂತು, ಸೆರಗನ್ನು ಹುಬ್ಬಿಗೆ ಒತ್ತಿಕೊಂಡು ಮನೆಯ ಬಾಗಿಲ ಕಡೆ ಒಂದು ಸಲ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು.

"ಓಡು ಬಾಲು. ನಾನೀಗ ಕೂಗಿದ್ರೆ ಇಬ್ರೂ ಒಟ್ಟಿಗೇ ಬರ್ತಾರೆ, ನಿನ್ನ ಉಳ್ಸೋದಿಲ್ಲ. ನಾನು ಕೂಗಲ್ಲ. ನೀನೂ ನನ್ನ ಕೈಲಿ ಉಂಡವ್ನೇ."

ಸೌಂಡಿನವನು ಹೆದರಿ ಆಗಲೇ ಗಾಡಿ ಹತ್ತಿದ್ದ, ಹಾಗಾಗಿ ಈ ಮಾತೂ ಸಿಕ್ಕಿಲ್ಲ. ನಾವು ಗಾಡಿ ತಿರುಗಿಸುವವರೆಗೂ ಅವಳು ಹಾಗೇ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಒಂದು ಸಲ ಕೂಗಬೇಕಿತ್ತು. ಕೂಗಿದ್ದರೆ ಅಣ್ಣ ತಮ್ಮ ಇಬ್ಬರೂ ಒಂದೇ ಫ್ರೇಮಿನಲ್ಲಿ ಸಿಗುತ್ತಿದ್ದರು.

ನಾಳೆ ಬೆಳಕು ಚೆನ್ನಾಗಿರುವಾಗ ಇನ್ನೊಮ್ಮೆ ಹೋಗಬೇಕು.